ನಟ್ಟನಡುವಿನ ದನಿ

ಅಕ್ಕನ ಗಂಟಲಿನ ಆಪರೇಷನ್ನಿಗೆ ಮೂರು ದಿನ ಮುಂಚೆ ಅವಳ ಕೊನೆಯ ಕಾರ್ಯಕ್ರಮ. ಆಮೇಲೆ ದನಿ ಉಳಿಯುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ರೆಕಾರ್ಡಿಂಗ್ ನನ್ನದೇ. ಇಪ್ಪತ್ತೆರಡು ವರ್ಷದ ಕಸುಬು, ಬೇರೆಯವರ ಕೈಗೆ ಬಿಟ್ಟೇನೆಯೇ?

ನಾಲ್ಕು ಮೈಕು. ಗಿಟಾರಿಗೊಂದು, ಪಿಟೀಲಿಗೊಂದು, ಅಕ್ಕನ ಎಡಕ್ಕೊಂದು ಬಲಕ್ಕೊಂದು. ಗಿಟಾರು ಎಡಗಿವಿಗೆ, ಪಿಟೀಲು ಬಲಗಿವಿಗೆ, ಅಕ್ಕ ನಟ್ಟನಡುವೆ. ಅವಳ ಎರಡೂ ಮೈಕು ಬಾಯಿಂದ ಒಂದೇ ದೂರದಲ್ಲಿರಬೇಕೆಂದು ಟೇಪು ಹಿಡಿದು ಅಳೆದೆ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ. ಹೆಡ್‌ಫೋನಿನಲ್ಲಿ ಅವಳ ದನಿ ತಲೆಯ ಸುತ್ತ ಹರಡಿಕೊಂಡಿತ್ತು. ಆಹಾ, ಎಷ್ಟು ವಿಶಾಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಅಡುಗೆಮನೆಯಲ್ಲಿದ್ದ ಒಂದೇ ಸ್ಪೀಕರಿನ ಡಬ್ಬಿಗೆ ಕಂಪ್ಯೂಟರ್ ಜೋಡಿಸಿ ಆ ರೆಕಾರ್ಡಿಂಗ್ ಹಾಕಿದೆ. ಗಿಟಾರು ಬಂತು. ಪಿಟೀಲು ಬಂತು. ಪಕ್ಕದಲ್ಲಿ ಕೂತಿದ್ದ ಅಕ್ಕನ ತುಟಿ ಹಾಡಿನ ಜಾಗಕ್ಕೆ ಸರಿಯಾಗಿ ಅಲುಗಿತು.

ಅಯ್ಯೋ ದೇವರೇ, ಹಾಡೇ ಇಲ್ಲ!

"ಡಬ್ಬಿ ಕೆಟ್ಟಿರಬೇಕು ಬಿಡೋ" ಎಂದರು ಭಾವ, ಅದರ ತಲೆಗೊಂದು ಮೊಟಕಿ.

"ಡಬ್ಬಿ ಕೆಟ್ರೆ ಪಿಟೀಲು ಹೇಗೆ ಕೇಳತ್ತೆ ಭಾವ? ಸುಮ್ನಿರಿ!"

ಅಕ್ಕ ಮಡಿಲಲ್ಲಿದ್ದ ಸ್ಲೇಟಿನ ಮೇಲೆ ಬರೆದಳು: "ಅದೂ ಹೋಯ್ತೇನೋ?"

ಹೆಡ್‌ಫೋನ್ ಹಾಕಿದೆ. ಅಲ್ಲಿ ದನಿ ಇದೆ! ಆಗ ಹೊಳೆಯಿತು. ಅಕ್ಕನ ಬಲ ಮೈಕಿನ ವೈರು ಕಾರ್ಯಕ್ರಮದ ಬೆಳಿಗ್ಗೆ ಕಿತ್ತುಬಂದಿತ್ತು. ಗಡಿಬಿಡಿಯಲ್ಲಿ ಬೆಸುಗೆ ಹಾಕುವಾಗ ಅದರೊಳಗಿನ ಎರಡು ತಂತಿ ಅದಲುಬದಲು ಮಾಡಿದ್ದೆ, ದರಿದ್ರದವನು. ಒಂದು ಮೈಕು ಸ್ಪೀಕರನ್ನು ಮುಂದಕ್ಕೆ ತಳ್ಳಿದಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಹೆಡ್‌ಫೋನಿನಲ್ಲಿ ಕಿವಿಗೊಂದರಂತೆ ಬೇರೆಬೇರೆ, ಹಾಗಾಗಿ ಕೇಳುತ್ತದೆ; ಎರಡೂ ಒಂದೇ ಸ್ಪೀಕರಿನಲ್ಲಿ ಸೇರಿದರೆ ಸೊನ್ನೆ. ಅಂಚಿನಲ್ಲಿದ್ದವರೆಲ್ಲ ಉಳಿದರು, ನಾನು ಅಳೆದು ನಡುವೆ ನಿಲ್ಲಿಸಿದವಳೊಬ್ಬಳೇ ಅಳಿಸಿಹೋದಳು. ಅಳತೆಯಲ್ಲಿ ಉಡಾಫೆ ಮಾಡಿದ್ದರೆ ಅರ್ಧವಾದರೂ ಉಳಿಯುತ್ತಿದ್ದಳು.

ಕಂಪ್ಯೂಟರಿನಲ್ಲಿ ಬಲಭಾಗವನ್ನು ತಿರುವುಮುರುವು ಮಾಡಿ ಮತ್ತೆ ಹಾಕಿದೆ. ಅಡುಗೆಮನೆ ತುಂಬ ಅಕ್ಕ! ಭಾವ ನೆಲದ ಮೇಲೆ ಕುಸಿದು ಕೂತರು. ನಾನು ನಾಚಿಕೆ ಬಿಟ್ಟು ಅತ್ತೆ.

ಮೊದಲ ಹಾಡು ಮುಗಿದು ಚಪ್ಪಾಳೆ ನಿಂತಿತು. ಡಬ್ಬಿಯೊಳಗಿಂದ ಅಕ್ಕ ಮಾತಾಡಿದಳು. ಆ ಮಾತು ನನಗೆ ಮರೆತೇ ಹೋಗಿತ್ತು.

"ತಮ್ಮಾ, ನನ್ನೆದುರಿನ ಈ ಒಂಟಿ ಸ್ಪೀಕರಲ್ಲಿ ನನ್ನ ದನೀನೇ ಬರ್ತಿಲ್ಲ ಕಣೋ. ಆ ವೈರು ಒಂದ್ಸಲ ನೋಡೋ."

ಹಿಂದೆಯೇ ನನ್ನ ದನಿ, ಮೈಕಿನ ಪಕ್ಕದಲ್ಲೇ, ಸ್ಪಷ್ಟವಾಗಿ: "ನಿಂಗೇನಕ್ಕಾ ಗೊತ್ತಾಗತ್ತೆ? ಬಾಯ್ಮುಚ್ಕೊಂಡು ಹಾಡು!"

ಜನ ಗೊಳ್ಳೆಂದು ನಕ್ಕಿದ್ದು ಕೇಳಿಸಿತು. ಅಡುಗೆಮನೆಯಲ್ಲಿ ಯಾರೂ ನಗಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಅಕ್ಕ ಸ್ಲೇಟು ಒರೆಸಿ, ಬರೆದು, ನನ್ನ ಮುಖದ ಕೆಳಗೆ ಹಿಡಿದಳು.

"ಹೇಳಿದ್ದೆ ತಾನೇ?"