ಲಿಂಗ ಕಟ್ಟಿದ ಮನೆಯ ಅರೋವಾನ

ಹುಣಸೂರಿನ ವಸಂತನ ಅಕ್ವೇರಿಯಂ ಅಂಗಡಿಯಿಂದ ಒಂದೂವರೆ ಅಡಿ ಉದ್ದದ ಅರೋವಾನ ಮೀನನ್ನು ಪಿರಿಯಾಪಟ್ಟಣದ ನಮ್ಮ ಮನೆಗೆ ತಂದಾಗ ಅದು ಏನು ತಿನ್ನುತ್ತದೆ ಎಂದು ನಾನು ಕೇಳಲೇ ಇಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆ ಕೂಡ ಹೊಸಿಲು ದಾಟಿಲ್ಲ. ಊಟದ ವಿಷಯದಲ್ಲಿ ಅನುಮಾನ ಪಡುವ ಅಭ್ಯಾಸವೇ ನಮಗಿಲ್ಲ. ಮೀನು ಬೆಳಗಿಟ್ಟ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು, ಮನಸೋತೆ, ಆರಡಿಯ ಗಾಜಿನ ತೊಟ್ಟಿಯ ಸಮೇತ ಹೊತ್ತು ತಂದೆ. ನನ್ನ ಬುದ್ಧಿ ಅಷ್ಟೇ.

ಸಂಜೆ ಫೋನ್ ಮಾಡಿದರೆ ವಸಂತ, "ಸಣ್ಣ ಮೀನು, ಸಿಗಡಿ ಆಕಿ ಮಲ್ಲೇಶಣ್ಣ. ಅದು ಬೇಟೆ ಆಡೋ ಮೀನು ಕಣಣ್ಣ" ಅಂದ. ಫೋನು ಸ್ಪೀಕರಿನಲ್ಲಿತ್ತು. ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅವ್ವನ ಕೈ ಹಣೆಯ ಮೇಲೇ ನಿಂತಿತು.

"ಈ ಮನೇಲಿರೋರು ಈ ಮನೆ ಊಟ ಉಣ್ಬೇಕು. ಬರೋ ಸೋಮವಾರದ ಪೂಜೆ ಒತ್ಗೆ ಅದು ಉಣ್ಣಲಿಲ್ಲ ಅಂದ್ರೆ ವಾಪಸ್ ಬುಟ್ ಬಾ."

ನಮ್ಮವ್ವ ಶಿವರುದ್ರಮ್ಮನ ತೀರ್ಪಿಗೆ ಅಪೀಲಿಲ್ಲ. ಆದರೆ ಬಡಿಸುವ ಕೆಲಸವನ್ನೂ ಅವಳೇ ಹಿಡಿದಳು. ಅನ್ನದ ಅಗುಳು, ಮುದ್ದೆ ಚೂರು, ನೆನೆಸಿದ ಕಡಲೆ, ಕೊನೆಗೆ ಪೇಟೆಯಿಂದ ಪನೀರು. ಮೀನು ಯಾವುದನ್ನೂ ಮೂಸಲಿಲ್ಲ. "ಉಪ್ಪು ಕಮ್ಮಿ ಆಯ್ತೇನೋ" ಎಂದು ಅವ್ವ ಸೊಸೆಯ ಕಡೆ ನೋಡಿದಳು.

"ನನ್ನ ಅಡುಗೆ ಬ್ಯಾಡ ಅನ್ನೋರು ಮನೆಗೆ ಇನ್ನೊಬ್ರು ಬಂದಂಗಾಯ್ತು ಬುಡಿ" ಎಂದಳು ನನ್ನ ಹೆಂಡತಿ ಪುಷ್ಪಾ.

ಒಂದು ವಾರದಲ್ಲಿ ಮೀನಿನ ಹೊಟ್ಟೆ ಒಳಕ್ಕೆ ಹೋಯಿತು. ಗಾಜಿಗೆ ಮುಖ ಒತ್ತಿ ನನ್ನನ್ನೇ ನೋಡುತ್ತಿತ್ತು. ಕಳಿಸಲು ಮನಸ್ಸಿಲ್ಲ, ಉಪವಾಸ ಕೆಡವಿ ಕೊಲ್ಲಲು ಮೊದಲೇ ಮನಸ್ಸಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಹುಣಸೂರಿಗೆ ಒಯ್ಯಲು ಡ್ರಮ್ಮಿಗೆ ನೀರು ತುಂಬುತ್ತಿದ್ದೆ. ಅಷ್ಟರಲ್ಲಿ ಅವ್ವ ಹೊಲದಿಂದ ಬಂದಳು. ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದಳು, ಗಂಟು ಮಿಸುಕಾಡುತ್ತಿತ್ತು.

"ಮಿಡತೆ. ಅವರೆ ಸಾಲಲ್ಲಿ ಇಡ್ಕಂಡು ಬಂದೆ. ಅಲ್ಲಿಗೆ ಔಷ್ದಿ ಒಡ್ದಿಲ್ಲ."

"ಅವ್ವ, ಇದೂ ಜೀವ ಅಲ್ವಾ?"

"ಇಷ್ಟು ವರ್ಷ ತಂಬಾಕು ಗಿಡದಾಗೆ ಉಳ ಇಸುಕಿದೀನಲ್ಲ, ಅವೇನು ಕಲ್ಲಾ? ಬಾಯ್ ಮುಚ್ಕಂಡು ಆಕು."

ಹೇಳಿ ಗೋಡೆಯ ಕಡೆ ತಿರುಗಿ ನಿಂತಳು. ಕೈ ಎದೆಯ ಮೇಲಿನ ಲಿಂಗದ ಮೇಲಿತ್ತು. ನಾನು ಒಂದು ಮಿಡತೆ ಬಿಟ್ಟೆ. ಮೀನು ನೀರಿನಿಂದ ಮೇಲಕ್ಕೆ ಚಿಮ್ಮಿ ಗಬಕ್ಕನೆ ನುಂಗಿತು, ನನ್ನ ಅಂಗಿಯೆಲ್ಲ ಒದ್ದೆ.

"ತಿಂತಾ?" ಗೋಡೆಗೇ ಕೇಳಿದಳು.

"ತಿಂತು ಅವ್ವ."

"ಇನ್ನೊಂದ್ ಆಕು."

ಗಂಟಿನಲ್ಲಿದ್ದ ಒಂಬತ್ತು ಮಿಡತೆಯನ್ನೂ ತಿಂದಿತು. ಅವ್ವ ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ ಕೂತು, "ಪುಷ್ಪಾ, ತಟ್ಟೆ ಇಡವ್ವ" ಅಂದಳು.

"ಅಜೀರ್ಣ ಅಂತ ಶುಕ್ರವಾರದಿಂದ ಬರೀ ಮಜ್ಜಿಗೆ ಕುಡೀತಿದ್ರಲ್ಲ ಅತ್ತೆ, ವಾಸಿ ಆಯ್ತಾ?"

"ಯಾವ್ ಅಜೀರ್ಣ. ಮನೇಲಿ ಒಂದ್ ಬಾಯಿ ಅಸ್ಕಂಡಿದ್ರೆ ತುತ್ತು ಗಂಟಲಲ್ಲಿ ಇಳೀತದಾ" ಎಂದು ಅವ್ವ ಎರಡು ಮುದ್ದೆ ಉಂಡಳು.