ಬಟ್ಟೆ ಸುತ್ತಿದ ಹಿಡಿ

ಆ ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ. ಮಂಜು ಬೀದಿಗೆ ಇಳಿದು, ಏಳಲು ಮನಸ್ಸಿಲ್ಲದವರ ಹಾಗೆ ಅಲ್ಲೇ ಕೂತುಬಿಟ್ಟಿತ್ತು. ಇಂಥ ಚಳಿಗೆ ಹಿಟ್ಟು ಬೇಗ ಉಬ್ಬುವುದಿಲ್ಲ. ಬ್ರೆಡ್ಡಿನಂಗಡಿಯವನ ಮಗಳು ನಾದಿದ ಹಿಟ್ಟು ತುಂಬಿದ ಮರದ ಮರಿಗೆಗೆ ಒದ್ದೆ ಬಟ್ಟೆ ಹೊದಿಸಿ, ಒಲೆಯ ಬದಿಗೆ ತಳ್ಳಿ, ಕಾಯುತ್ತಿದ್ದಳು.

ಬಾಗಿಲ ಪಕ್ಕದ ಕೈಕುರ್ಚಿಯಲ್ಲಿ ಅಪ್ಪ ಕೂತಿದ್ದ. ಬಲಗೈಯ ಪ್ಲಾಸ್ಟರ್ ಬಿಚ್ಚಿ ಕೆಲವು ವಾರ ಕಳೆದಿದ್ದವು. ಮಣಿಕಟ್ಟು ಕೂಡಿಕೊಂಡಿತ್ತು, ಕೈ ಮಾತ್ರ ಯಾರೋ ತಮ್ಮದನ್ನು ಅವನ ತೊಡೆಯ ಮೇಲೆ ಮರೆತು ಹೋದ ಹಾಗಿತ್ತು. ಹಿಚುಕಲೆಂದು ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರ್ ಚೆಂಡು ಕಿಟಕಿಯಲ್ಲಿ ಧೂಳು ಹಿಡಿದಿತ್ತು.

ಅವನು ಬಿದ್ದದ್ದು ಮೆಟ್ಟಿಲಿಂದಲ್ಲ, ಏಣಿಯಿಂದಲ್ಲ. ಇದೇ ಕುರ್ಚಿಯಿಂದ ಏಳಲು ಹೋಗಿ, ತೊಡೆಗಳಲ್ಲಿ ತ್ರಾಣವಿಲ್ಲದೆ ವಾಲಿ, ನೆಲಕ್ಕೆ ಕೈಯೂರಿದ್ದ. ಅಷ್ಟಕ್ಕೇ ಮೂಳೆ ಮುರಿದಿತ್ತು.

ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದ್ದರು: "ಮೂಳೆ ತನ್ನಷ್ಟಕ್ಕೆ ತಾನೇ ಗಟ್ಟಿ ಇರಲ್ಲಮ್ಮ. ಮಾಂಸಖಂಡ ಅದನ್ನ ಎಳೀತಾ ಇರಬೇಕು, ಆಗಲೇ ಅದಕ್ಕೂ ಗಟ್ಟಿಯಾಗಿರೋಕೆ ಒಂದು ಕಾರಣ. ವಯಸ್ಸಾದ್ರೆ ಎರಡೂ ಸವೀತವೆ, ಸರಿ. ಆದ್ರೆ ಇವರದ್ದು ಕೂತೂ ಕೂತೂ ಕರಗಿದೆ. ಒಳ್ಳೇ ಊಟದ ಜೊತೆ ಕೆಲಸಾನೂ ಬೇಕು, ನಿಧಾನಕ್ಕೆ. ಇಲ್ದಿದ್ರೆ ಮುಂದಿನ ಸಲ ಸೊಂಟ. ಅದು ಮುರಿದ್ರೆ ಏಳೋದು ಕಷ್ಟ."

ಅಪ್ಪ ಅದನ್ನು ಪಕ್ಕದ ಮನೆಯ ಸುದ್ದಿಯಂತೆ ಕೇಳಿಸಿಕೊಂಡಿದ್ದ. ಮಗಳಿಗೂ ಅಳು ಬರಲಿಲ್ಲ. "ಸರಿ" ಎಂದಳು. ಮನೆಗೆ ಬಂದು ಕುರ್ಚಿಗೆ ಇನ್ನೊಂದು ದಿಂಬು ಹಾಕಿದಳು.

ಅಮ್ಮ ತೀರಿಕೊಂಡ ವರ್ಷ "ಅಪ್ಪ, ದುಡಿದಿದ್ದು ಸಾಕು, ಇನ್ನು ಕೂತ್ಕೊಳ್ಳಿ" ಎಂದು ಹಿಟ್ಟು ಕೆರೆಯುವ ತಗಡನ್ನು ಅವನ ಕೈಯಿಂದ ಇಸಿದುಕೊಂಡವಳು ಅವಳೇ. ಅದರ ಮರದ ಹಿಡಿ ಅಪ್ಪನ ಹೆಬ್ಬೆರಳಿಗೆ ಸವೆದು ಗುಳಿಬಿದ್ದಿತ್ತು. ಆ ಗುಳಿ ಅವಳ ಕೈಗೆ ಹೊಂದಲಿಲ್ಲ. ಬಟ್ಟೆ ಸುತ್ತಿ ಮುಚ್ಚಿದಳು. ಆಮೇಲೆ ಅವನಿಗೆ ಮೂಟೆ ಎತ್ತುವುದು ತಪ್ಪಿತು, ಒಲೆಗೆ ಸೌದೆ ಒಟ್ಟುವುದು ತಪ್ಪಿತು. ಕೊನೆಗೆ ಅಪ್ಪ ತಾನು ಕುಡಿದ ಲೋಟ ತೊಳೆಯಲು ಎದ್ದರೂ "ಅಯ್ಯೋ, ನಾನಿಲ್ವಾ?" ಎಂದು ಓಡಿ ಬರುತ್ತಿದ್ದಳು. ಎಲ್ಲ ಪ್ರೀತಿಯಿಂದಲೇ. ದೇವರ ಮುಂದೆ ನಿಂತು ಹೇಳಬಲ್ಲಳು, ಪ್ರೀತಿಯಿಂದಲೇ.

ಮಂಜಿನೊಳಗಿಂದ ಕ್ಷೌರಿಕ ಬಂದ. ಅಪ್ಪನ ಹಳೆಯ ಗೆಳೆಯ, ಬಾಯಿ ಸುಮ್ಮನಿರದ ಆಸಾಮಿ.

"ಏನು ದೊರೆ, ಇವತ್ತೂ ಸಿಂಹಾಸನ ಇಳಿಯಲ್ವಾ?" ಎನ್ನುತ್ತ ನೊರೆ ಹಚ್ಚಿದ. "ನಿನ್ನಲ್ಲಿ ಇನ್ನೂ ದುಡೀತಿರೋದು ಅಂದ್ರೆ ಈ ಗಡ್ಡ ಒಂದೇ ನೋಡು."

ಅಪ್ಪ ನಗಲಿಲ್ಲ. ಕ್ಷೌರಿಕ ಮೈಗೆ ಹೊದಿಸಿದ ಬಟ್ಟೆ ಸರಿಪಡಿಸಲು ಅವನ ತೋಳೆತ್ತಿದವನು ಹಾಗೇ ಹಿಡಿದು ನಿಂತ.

"ಇದೇನೋ ಇದು? ಇದೇ ತೋಳಲ್ವೇನೋ ನನ್ನನ್ನ ಎತ್ತಿ ಹಿಟ್ಟಿನ ಮೂಟೆ ಮೇಲೆ ಕೂರಿಸಿದ್ದು? ಮಗಳಿಗೆ ಅಂಗಡಿ ಕೊಟ್ಟೆ, ಸರಿ. ತೋಳನ್ನೂ ಯಾಕೋ ಕೊಟ್ಟೆ?"

"ಕೇಳಿದ್ಲು. ಕೊಟ್ಟೆ."

ದೂರುವ ದನಿಯಲ್ಲ ಅದು. ಯಾವ ದನಿಯೂ ಅಲ್ಲ. ಒಲೆಯ ಬಳಿ ನಿಂತ ಮಗಳಿಗೆ ಕೇಳಿಸಿತು.

ಕ್ಷೌರಿಕ ಹೋದ ಮೇಲೆ ಅವಳು ಮರಿಗೆಯ ಬಟ್ಟೆ ಸರಿಸಿದಳು.

"ಅಪ್ಪ, ಹಿಟ್ಟು ಆಗಿದ್ಯಾ ನೋಡಿ ಬನ್ನಿ."

"ನಿಂಗೇ ಗೊತ್ತಲ್ಲ."

"ಈ ಚಳೀಲಿ ಗೊತ್ತಾಗ್ತಿಲ್ಲ."

ಅಪ್ಪ ಎಡಗೈಯನ್ನು ಕುರ್ಚಿಯ ತೋಳಿಗೆ ಒತ್ತಿದ. ಅರ್ಧ ಎದ್ದು ಮತ್ತೆ ಕುಸಿದ. ಅವಳು ಓಡಿಹೋಗಿ ಮಗ್ಗುಲಲ್ಲೇ ನಿಂತಳು. ಎತ್ತಲು ಹೋದ ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು. ಅವನ ತೊಡೆ ನಡುಗುವುದು ಪಂಚೆಯ ಮೇಲೆಯೇ ಕಾಣುತ್ತಿತ್ತು. ಮನಸ್ಸಿನಲ್ಲಿ ಪ್ರಾರ್ಥನೆ ಹುಡುಕಿದಳು, ಒಂದೂ ಸಿಗಲಿಲ್ಲ. ಅಪ್ಪ ಎದ್ದ. ಮೇಜಿನ ಅಂಚು ಹಿಡಿದು, ಕಾಲೆಳೆಯುತ್ತ, ಮರಿಗೆಯ ತನಕ ಬಂದ.

ಎಡಗೈ ಬೆರಳಿಂದ ಹಿಟ್ಟನ್ನು ಒತ್ತಿದ. ಬಿದ್ದ ಗುಳಿ ನಿಧಾನವಾಗಿ ತುಂಬಿಕೊಳ್ಳುವುದನ್ನು ಇಬ್ಬರೂ ನೋಡಿದರು.

"ಇನ್ನೂ ಇಲ್ಲ. ಒಂದ್ಸಲ ಮಡಚಬೇಕು."

ಅವಳು ಕೈ ಹಾಕಲಿಲ್ಲ. ಸ್ವಲ್ಪ ಹೊತ್ತು ಅವನೂ ಹಾಕಲಿಲ್ಲ. ಆಮೇಲೆ ಎಡಗೈ ಹೋಯಿತು. ಅದರ ಹಿಂದೆ, ಕರೆಯದೆ ಬಂದ ನೆಂಟನ ಹಾಗೆ, ಬಲಗೈಯೂ ಹೋಯಿತು.

"ನೋಯ್ತಿದ್ಯಾ?"

ಅಪ್ಪ ಯೋಚಿಸಿದ. "ಬೆಚ್ಚಗಿದೆ" ಎಂದ.

ಹಿಟ್ಟು ಮರಿಗೆಯ ಅಂಚಿಗೆ ಅಂಟಿತು. ಅವನ ಕಣ್ಣು ಏನನ್ನೋ ಹುಡುಕಿತು. ಮಗಳು ಗೂಟದಿಂದ ತಗಡನ್ನು ತೆಗೆದಳು. ಹಿಡಿಗೆ ಸುತ್ತಿದ್ದ ಬಟ್ಟೆ ಹಿಟ್ಟು ಕುಡಿದು ಸಿಪ್ಪೆಯಂತಾಗಿತ್ತು. ಉಗುರಿನಿಂದ ಕೆದಕಿ ಸುತ್ತುಸುತ್ತಾಗಿ ಬಿಚ್ಚಿದಳು. ಒಳಗೆ ಆ ಹಳೆಯ ಗುಳಿ ಹಾಗೇ ಇತ್ತು.

ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಚಾಚಿದಳು.