ಒಂದೇ ಚಪ್ಪಾಳೆ

"ಉತ್ತರ ಸರಿ ಇದೆ. ಪಾಸು. ಹೋಗಮ್ಮ," ಎಂದರು ಮೇಡಂ, ಅಂಕಪಟ್ಟಿಯಿಂದ ತಲೆ ಎತ್ತದೆ.

ಹುಡುಗಿ ಸೀಮೆಸುಣ್ಣ ಕೆಳಗಿಟ್ಟಳು. ಸಿಗ್ನಲ್ಸ್, ಅಂದರೆ ಸದ್ದಿನಂಥ ಸಂಕೇತಗಳ ಲೆಕ್ಕದ ವಿಷಯದಲ್ಲಿ ಎರಡು ಸಲ ಮುಗ್ಗರಿಸಿದವಳಿಗೆ ಈ ಮೌಖಿಕ ಪರೀಕ್ಷೆಯೇ ಕೊನೆಯ ಅವಕಾಶ. ಈ ಬಾರಿಯೂ ಕೈಕೊಟ್ಟಿದ್ದರೆ ಕಾಲೇಜನ್ನೇ ಬಿಡಬೇಕಿತ್ತು. ಹೊಲಿಗೆ ಅಂಗಡಿ ಮುಚ್ಚಿ ಬಂದ ಅಕ್ಕ ಗೇಟಿನ ಬಳಿ ಕಾಯುತ್ತಿದ್ದಳು.

ಈ ಮೇಡಂ ಬಗ್ಗೆ ಒಂದು ಮಾತು ಹೇಳಲೇಬೇಕು. ಇಡೀ ಕಾಲೇಜಿಗೆ ಅವರು 'ಚಪ್ಪಾಳೆ ಮೇಡಂ'. ಪ್ರತಿ ವರ್ಷ ಮೊದಲ ದಿನ, ಹಾಜರಿ ಕೂಗುವುದಕ್ಕೂ ಮುಂಚೆ, ಈ ಎತ್ತರದ ಹಾಲ್‌ನಲ್ಲಿ ಒಂದೇ ಒಂದು ಚಪ್ಪಾಳೆ ಹೊಡೆದು ಕಿವಿಗೊಟ್ಟು ನಿಲ್ಲುತ್ತಿದ್ದರು. ಸದ್ದು ಗೋಡೆಗೆ, ಬೆಂಚಿಗೆ, ಸೂರಿಗೆ ತಾಗಿ ಸಣ್ಣಗಾಗುತ್ತ ಅಡಗುತ್ತಿತ್ತು.

"ಕೇಳಿದ್ರಾ? ಈ ಕೋಣೆ ತನ್ನ ಗುಟ್ಟೆಲ್ಲ ಬಿಟ್ಟುಕೊಡ್ತು. ಇನ್ನು ನೀವು ಇಲ್ಲಿ ಹಾಡಿ, ಜಗಳ ಆಡಿ, ಕೆಮ್ಮಿ; ಅದು ಹೇಗೆ ಕೇಳ್ಸುತ್ತೆ ಅಂತ ನಾನು ಕೂತಲ್ಲೇ ಲೆಕ್ಕ ಹಾಕ್ತೀನಿ. ಯಾವ ಸದ್ದಾದ್ರೂ ಸಣ್ಣ ಸಣ್ಣ ಚಪ್ಪಾಳೆಗಳ ಸಾಲೇ ಅಲ್ವಾ?"

ಇನ್ನೊಂದು ಹೊಡೆಯಿರಿ ಎಂದರೆ ಇಲ್ಲವೆಂದು ತಲೆಯಾಡಿಸುತ್ತಿದ್ದರು. "ಎರಡನೇದು ಹೊಡೆದ್ರೆ ಹೊಗಳಿಕೆ ಆಗುತ್ತೆ. ಅದನ್ನ ನಾನು ಪುಕ್ಕಟೆ ಕೊಡಲ್ಲ." ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಆದರೂ ಆ ಕಬ್ಬಿಣದ ಕಡಲೆಯಂಥ ವಿಷಯವನ್ನು ಅವರ ಬಾಯಲ್ಲಿ ಕೇಳಲು ಬೇರೆ ವಿಭಾಗದವರೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ಕಲಿಸಿದರೆ ಹೀಗೆ ಕಲಿಸಬೇಕು.

ಲೆಕ್ಕ ಹಾಕಲು ಅವರದ್ದೇ ಒಂದು ಪದ್ಧತಿಯಿತ್ತು. ಎರಡು ಪಾರದರ್ಶಕ ಹಾಳೆ; ಒಂದರ ಮೇಲೆ ಬರುವ ಸದ್ದಿನ ಚಿತ್ರ, ಇನ್ನೊಂದರ ಮೇಲೆ ಕೋಣೆಯ ಚಪ್ಪಾಳೆಯ ಚಿತ್ರ. ಎರಡನೆಯದನ್ನು ಎಡ ಬಲವಾಗುವಂತೆ ಮಗುಚಿ, ಮೊದಲನೆಯದರ ಮೇಲೆ ಸರಿಸುತ್ತ ಹೋಗಬೇಕು. ಹುಡುಗಿಯ ರೋಗವೆಂದರೆ ಮಗುಚಲು ಮರೆಯುವುದು. "ಆಮ್ಲೆಟ್ ಮಗುಚೋಕೆ ಮರೆಯಲ್ಲ, ಇದನ್ನ ಮಾತ್ರ ಮರೀತೀಯಲ್ಲೇ!" ಎಂದು ಅಕ್ಕ ಕಾಡಿಸುತ್ತಿದ್ದಳು.

ಬಾಗಿಲ ತನಕ ಹೋದವಳು ತಾನು ಸರಿಸಿ ಬಿಟ್ಟ ಹಾಳೆಗಳತ್ತ ತಿರುಗಿ ನೋಡಿದಳು. ಇವತ್ತೂ ಮಗುಚಿರಲಿಲ್ಲ. ಕೊಟ್ಟ ಆಕಾರ ನಡುಗೆರೆಯ ಎರಡೂ ಕಡೆ ಒಂದೇ ಥರ ಇದ್ದದ್ದರಿಂದ ಉತ್ತರ ತಾನಾಗಿ ಸರಿ ಬಂದಿತ್ತು. ಬಾಯಿ ಮುಚ್ಚಿಕೊಂಡು ಹೋದರೆ ಮುಗಿಯಿತು, ಕೇಳುವವರು ಯಾರೂ ಇಲ್ಲ. ಆದರೆ ಈ ಹಾಲ್‌ನಲ್ಲಿ, ಈ ಹೆಂಗಸಿನ ಮುಂದೆ, ಅವಳಿಗೆ ಹಾಗೆ ಹೋಗಲಾಗಲಿಲ್ಲ.

"ಮೇಡಂ, ನಾನು ಮಗುಚಲೇ ಇಲ್ಲ."

ಮೇಡಂ ಕನ್ನಡಕ ಏರಿಸಿ ಬೋರ್ಡು ನೋಡಿದರು, ಹಾಳೆ ನೋಡಿದರು. "ಛೆ! ನಾನು ಉತ್ತರ ಮಾತ್ರ ನೋಡ್ದೆ. ತಪ್ಪು ನಂದೂ ಹೌದು." ಬರೆದ ಅಂಕವನ್ನು ಹೊಡೆದುಹಾಕಿದರು. "ಬಾ. ಇನ್ನೊಂದು ಕೊಡ್ತೀನಿ. ಇದು ಬರ್ಲಿಲ್ಲ ಅಂದ್ರೆ ಫೇಲೇ. ಆಗಬಹುದಾ?"

"ಆಗ್ಲಿ ಮೇಡಂ," ಎಂದಳು.

ಈ ಸಲ ಕೊಟ್ಟದ್ದು ಇದೇ ಹಾಲ್‌ನ ಚಪ್ಪಾಳೆಯ ಚಿತ್ರ. ಮೊದಲು ಕಡಿದಾದ ಏರು, ಆಮೇಲೆ ಉದ್ದಕ್ಕೆ ಇಳಿಯುವ ಬಾಲ. "ಮಗುಚೋದಷ್ಟೇ ಸಾಲದು. ಯಾಕೆ ಅಂತ ಹೇಳು."

ಹುಡುಗಿ ಹಾಳೆ ಹಿಡಿದು ನಿಂತಳು. ಬಾಯಿಪಾಠ ಮಾಡಿದ್ದ ಸೂತ್ರ ನೆನಪಿತ್ತು, ಅದು ಯಾಕೆ ಎಂಬುದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಕಣ್ಣು ಮುಚ್ಚಿ ಮೊದಲ ದಿನದ ಆ ಸದ್ದನ್ನು ನೆನೆಸಿಕೊಂಡಳು.

"ಈ ಕ್ಷಣ ನನ್ನ ಕಿವಿಗೆ ಬೀಳೋದು..." ನಿಧಾನವಾಗಿ ಶುರುಮಾಡಿದಳು. "ಈಗಷ್ಟೇ ಹುಟ್ಟಿದ ಸದ್ದು ಪೂರ್ತಿ ಜೋರಾಗಿ ಬರುತ್ತೆ. ಸ್ವಲ್ಪ ಮುಂಚೆ ಹುಟ್ಟಿದ್ದು ಕಮ್ಮಿ. ಅದಕ್ಕೂ ಹಿಂದಿನದು ಇನ್ನೂ ಕಮ್ಮಿ, ಉಳಿದ ಬಾಲದಷ್ಟೇ. ಅಂದ್ರೆ ಬಾಲ ಹಿಂದಿನ ಕಾಲದ ಕಡೆಗೇ ಚಾಚಿರಬೇಕು... ಅಯ್ಯೋ, ಅದಕ್ಕೇನಾ ಮಗುಚೋದು!"

ಕೊನೆಯ ಮಾತು ಪರೀಕ್ಷೆಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ಹಾಳೆ ಮಗುಚಿ ಸರಿಸತೊಡಗಿದಳು. ಗೆರೆ ಏರಿ, ಬಾಗಿ, ತಡವಾಗಿ ಇಳಿಯಿತು. ಎರಡು ವರ್ಷ ಸತಾಯಿಸಿದ ಗೆರೆ ಇಷ್ಟು ಚೆಂದವೆಂದು ಅವಳಿಗೆ ಗೊತ್ತಿರಲಿಲ್ಲ.

ಮೇಡಂ ಮತ್ತೆ ಅಂಕ ಬರೆದರು. "ಪಾಸು. ಹೋಗಮ್ಮ," ಎಂದರು, ಅದೇ ದನಿಯಲ್ಲಿ.

ಅವಳು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಚಪ್ಪಾಳೆ ಕೇಳಿಸಿತು. ಕೋಣೆಯ ಸದ್ದು ಅಡಗಲೆಂದು, ರೂಢಿಯಂತೆ, ನಿಂತಳು. ಅದರ ಬಾಲ ಇನ್ನೂ ಸೂರಿನಲ್ಲಿ ಸುಳಿಯುತ್ತಿರುವಾಗಲೇ ಎರಡನೆಯದು ಬಂದು ಅದರ ಮೇಲೆ ಕೂತಿತು.